ಒಂದೇ ಒಲೆ, ಏಳು ಮಂದಿ

ಸತ್ಯವೇದ ತೆಗೀರಿ, ಯೋಹಾನನ ಸುವಾರ್ತೆ 21ನೇ ಅಧ್ಯಾಯ, 1ರಿಂದ 17ನೇ ವಚನ.

ಏಳು ಮಂದಿ ಶಿಷ್ಯರು ರಾತ್ರಿಯೆಲ್ಲ ಬಲೆ ಹಾಕಿದ್ದಾರೆ, ಒಂದು ಮೀನೂ ಸಿಕ್ಕಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರಿದ್ದಾರೆ? ಸತ್ತು ಎದ್ದುಬಂದ ಕರ್ತನು! ಏನು ಮಾಡ್ತಿದ್ದಾನೆ? ಅಡುಗೆ. ಇದ್ದಲಿನ ಬೆಂಕಿ, ಮೇಲೆ ಮೀನು, ಜೊತೆಗೆ ರೊಟ್ಟಿ. ಇಷ್ಟೇ ಆತನ ಕಿಚನ್. ಹಲ್ಲೆಲೂಯಾ!

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡಿರುವ ಯೌವನಸ್ಥರು ನನಗೆ ಹೇಳ್ತಾರೆ: "ಪಾಸ್ಟರ್, ನಮ್ ರೂಮ್ ಭಾಳ ಸಣ್ಣದ್ರಿ. ಒಂದೇ ಬರ್ನರ್, ಒಂದೇ ಕುಕ್ಕರ್, ನಾಕು ತಾಟು. ಮಂದಿನ್ನ ಹೆಂಗ ಊಟಕ್ಕ ಕರೀಬೇಕ್ರಿ?"

ನಮ್ಮ ಸಭೆಯ ಒಂದು ದಂಪತಿ ಹೆಂಗ ಕರೆದರು, ಕೇಳ್ರಿ. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು ನಿಮಗೆ ಗೊತ್ತು. ಒಬ್ಬರು ನಿಂತರೆ ಇನ್ನೊಬ್ಬರು ತಿರುಗೋಕಾಗದ ಅಡಿಗಿಮನಿ. ಬರುವವರು ಐದು ಮಂದಿ. ಖಡಕ್ ರೊಟ್ಟಿ ಹಿಂದಿನ ದಿನವೇ ತಂದರು, ಅದಕ್ಕೆ ಒಲೆ ಬೇಡ. ಶೇಂಗಾ ಹಿಂಡಿ, ಮೊಸರಿಗೂ ಒಲೆ ಬೇಡ. ಬದನೆಕಾಯಿ ಎಣ್ಣೆಗಾಯಿ ಮೊದಲೇ ಮಾಡಿ ಮುಚ್ಚಿಟ್ಟರು, ಅದು ಕೂತಷ್ಟೂ ರುಚಿ. ತೊಗರಿಬೇಳೆ ನೆನೆಸಿಟ್ಟು, ಕೊನೆಗೆ ಒಂದೇ ಕುಕ್ಕರ್‌ನಲ್ಲಿ ಕೆಳಗೆ ಬೇಳೆ, ಮೇಲೆ ಡಬ್ಬಿಯಲ್ಲಿ ಅಕ್ಕಿ. ತಾಟು ಸಾಲದು ಅಂತ "ನಿಮ್ಮ ನಿಮ್ಮ ತಾಟು ತಗೊಂಡು ಬರ್ರಿ" ಅಂದರು.

ಅವರಲ್ಲಿ ಹುಮನಾಬಾದ್ ರಸ್ತೆಯ ಕಮಲಾಪುರದಿಂದ ಕೆಲಸಕ್ಕೆ ಬಂದ ಒಬ್ಬ ತಮ್ಮ ಇದ್ದ. ಬರಿಗೈಲೆ ಬರಲು ಸಂಕೋಚ. ಅಕ್ಕ ಹೇಳಿದಳು: "ನಿಮ್ಮೂರ ಕೆಂಪು ಬಾಳೆಹಣ್ಣು ತಗೊಂಡು ಬಾ, ಸಾಕು." ತಂದ. ಎಲ್ಲರೂ ತಿಂದರು. ತಿಂಗಳಾದ ಮೇಲೆ ಅವನೇ ನನಗೆ ಹೇಳಿದ (ಅವನನ್ನು ಕೇಳಿಯೇ ಹೇಳ್ತಿದ್ದೇನೆ): "ಪಾಸ್ಟರ್, ಆ ಭಾನುವಾರ ಚರ್ಚಿಗೆ ಕಡೀ ಸಲ ಬಂದಿದ್ದೆ. ಮೂರು ತಿಂಗಳಿಂದ ಎಲ್ಲಾರೂ ಕೈ ಕುಲುಕ್ತಿದ್ರು, ಯಾರೂ ಊಟ ಮಾಡೀ ಏನು ಅಂತ ಕೇಳಿರಲಿಲ್ಲ."

ಪ್ರಿಯರೇ, ಈ ಮಾತು ನಮ್ಮೆಲ್ಲರ ಹೃದಯಕ್ಕೆ ತಾಕಲಿ.

10ನೇ ವಚನ ನೋಡಿ. ಬೆಂಕಿಯ ಮೇಲೆ ಆಗಲೇ ಮೀನಿದೆ. ಆದರೂ ನೀವು ಹಿಡಿದದ್ದನ್ನೂ ತನ್ನಿ ಅಂತ ಕರ್ತನು ಕೇಳ್ತಾನೆ. ಆತನಿಗೆ ಕೊರತೆಯೇ? ಇಲ್ಲ. ಅವರಿಗೂ ಆ ಊಟದಲ್ಲಿ ಪಾಲು ಇರಲಿ ಅಂತ. ಆ ಬಾಳೆಹಣ್ಣು ಆ ತಮ್ಮನ ಪಾಲು.

ಇನ್ನೊಂದು ವಿಷಯ. 18ನೇ ಅಧ್ಯಾಯದಲ್ಲೂ ಇದ್ದಲಿನ ಬೆಂಕಿ ಇದೆ. ಪೇತ್ರನು ಅಲ್ಲಿ ಚಳಿ ಕಾಯಿಸಿಕೊಳ್ಳುತ್ತಾ ಕರ್ತನನ್ನು ಅಲ್ಲಗಳೆದ. ಈಗ ಮತ್ತೆ ಅಂಥದೇ ಬೆಂಕಿ. ಆದರೆ ಕರ್ತನು ಮೊದಲು ವಿಚಾರಣೆ ಮಾಡಲಿಲ್ಲ, ಮೊದಲು ಊಟ ಬಡಿಸಿದ. ಊಟವಾದ ಮೇಲೆಯೇ ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ನಾವು ಬಿದ್ದವರಿಗೆ ಮೊದಲು ಬುದ್ಧಿ ಹೇಳ್ತೇವೆ, ಊಟ ಮರೀತೇವೆ. ಅದೇ ಪೇತ್ರನು ಮುಂದೆ ತನ್ನ ಮೊದಲ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಬರೀತಾನೆ: ಅತಿಥಿಗಳನ್ನು ಉಪಚರಿಸುವಾಗ ಗೊಣಗಬೇಡಿ ಅಂತ. ಆ ದಡದ ಊಟ ಉಂಡವನ ಮಾತು ಅದು!

ಈ ವಾರ ಒಬ್ಬರನ್ನು ಕರೀರಿ. ಸಾಲ ಮಾಡಬೇಡಿ, ಹೋಟೆಲಿನಿಂದ ತರಿಸಿ ದೊಡ್ಡಸ್ತಿಕೆ ತೋರಿಸಬೇಡಿ. ಬೇಳೆ, ಅನ್ನ, ರೊಟ್ಟಿ ಸಾಕು. ಯಾರನ್ನು ಕರೀಬೇಕು ಅಂತ ಪವಿತ್ರಾತ್ಮನು ಈಗಲೇ ಒಂದು ಮುಖ ತೋರಿಸ್ತಿರಬಹುದು. ಸೇವೆ ಮುಗಿದ ಕೂಡಲೇ ಅವರ ಹತ್ತಿರ ಹೋಗ್ರಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಸಣ್ಣ ಒಲೆಗಳನ್ನು ನಿನ್ನ ಕೈಗೆ ಕೊಡ್ತೇವೆ. ನಮ್ಮ ಮಧ್ಯೆ ಒಂಟಿಯಾಗಿ ಉಣ್ಣುವವರನ್ನು ಕಾಣುವ ಕಣ್ಣು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.