ಹಾಡು ಕೇಳಿದವನ ಋಣ

ಕಾಳಿದಾಸನ ಶಾಕುಂತಲದ ಐದನೆಯ ಅಂಕವು ಒಂದು ಹಾಡಿನಿಂದ ಮೊದಲಾಗುತ್ತದೆ. ಒಳಗೆಲ್ಲೋ ಹಂಸಪದಿಕೆ ಹಾಡುತ್ತಿದ್ದಾಳೆ. ತನ್ನನ್ನು ಮರೆತ ಅರಸನ ಮೇಲಿನ ಆಕ್ಷೇಪಣೆಯೇ ಆ ಹಾಡು. ದುಷ್ಯಂತನಿಗೆ ಅದು ತಿಳಿಯದೆ ಇಲ್ಲ. ಹಾಡಿನ ರಾಗವನ್ನು ಹೊಗಳುತ್ತಾನೆ, ಅವಳನ್ನು ಸಮಾಧಾನಪಡಿಸಲು ವಿದೂಷಕನನ್ನು ಕಳುಹಿಸುತ್ತಾನೆ, ತಾನು ಮಾತ್ರ ಏಳುವುದಿಲ್ಲ. ಬಳಿಕ ಅವನನ್ನು ಕಾರಣ ತಿಳಿಯದ ಕಳವಳವೊಂದು ಆವರಿಸುತ್ತದೆ. ಚೆಲುವಾದುದನ್ನು ಕಂಡಾಗ, ಇನಿದಾದುದನ್ನು ಕೇಳಿದಾಗ ಸುಖಿಯಾದವನೂ ಕಾತರಗೊಳ್ಳುವುದು ಜನ್ಮಾಂತರದ ಸ್ನೇಹಗಳ ನೆನಪಿನಿಂದಿರಬೇಕೆಂದು ಅವನು ಊಹಿಸುತ್ತಾನೆ. ಆ ಹೊತ್ತಿಗೆ ಈ ಜನ್ಮದ ಶಕುಂತಲೆಯೇ ಅರಮನೆಯ ಬಾಗಿಲಿಗೆ ಬಂದಿದ್ದಾಳೆ!

ಈ ಪ್ರಸಂಗವನ್ನು ಓದಿದಾಗಲೆಲ್ಲ ಅರಸನನ್ನು ಕಂಡು ಮರುಗುತ್ತಿದ್ದ ನಾವು, ಕೆಲವು ವರ್ಷಗಳಿಂದ ನಮ್ಮನ್ನೇ ಕಂಡು ನಾಚುವಂತಾಗಿದೆ. ಅವನಿಗಾದರೋ ದುರ್ವಾಸರ ಶಾಪವಿತ್ತು.

ನಡೆದುದು ಇಷ್ಟು. ಬೆಂಗಳೂರಿನ ಒಂದು ಬಯಲಿನಲ್ಲಿ ರಘು ದೀಕ್ಷಿತರ ತಂಡದ ಕಚೇರಿ. ಕಚೇರಿಯೆಂದರೆ ಜಮಖಾನೆಯ ಮೇಲೆ ಕುಳಿತು ತಲೆದೂಗುವ ಕಚೇರಿಯಲ್ಲ. ಸಾವಿರಾರು ತರುಣರು ನಿಂತು, ಕುಣಿದು, ಕೈಯೆತ್ತಿ ಕೂಗುವ ಜಾನಪದ ರಾಕ್ ಕಚೇರಿ. ವಯಸ್ಸಿಗೆ ತಕ್ಕಂತೆ ನಾವು ಹಿಂದೆ, ಕಡಲೆಕಾಯಿ ಮಾರುವವನ ಪಕ್ಕದಲ್ಲಿ ನಿಂತಿದ್ದೆವು. ಗಿಟಾರು, ಪಿಟೀಲು, ಡ್ರಮ್ಮುಗಳ ನಡುವಿನಿಂದ ಶಿಶುನಾಳ ಷರೀಫರ ಸೋರುವ ಮಾಳಿಗೆಯ ಪದ ಎದ್ದು ಬಂದಿತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಸಂತನ ಪದ; ಸಿ. ಅಶ್ವತ್ಥರ ಕಂಠದಿಂದ ನಾಡಿನ ಮನೆಮನೆಗೆ ತಲುಪಿದ ಪದ. 2008ರಲ್ಲಿ ಈ ತಂಡದ ಮೊದಲ ಧ್ವನಿಮುದ್ರಿಕೆಯಲ್ಲಿ ಹೊಸ ಉಡುಪು ತೊಟ್ಟ ಪದ. ನಮಗೆ ಅಳು ಬಂದಿತು. ಕಡಯಂಪಟ್ಟಿಯ ನಮ್ಮ ಹೆಂಚಿನ ಮನೆ, ಮಳೆಗಾಲದಲ್ಲಿ ಹಜಾರದ ನಡುವೆ ಇಟ್ಟ ತಪ್ಪಲೆಗೆ ಟಪಟಪನೆ ಬೀಳುವ ಹನಿ, ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತ ಇದೇ ಪದವನ್ನು ಹಾಡುವ ಅಜ್ಜಿ, ಎಲ್ಲವೂ ಕಣ್ಣಮುಂದೆ ನಿಂತವು. ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನು ನಡುಗಿತು. ಊರಿನಿಂದ ನಮ್ಮ ಸೋದರತ್ತೆ. ಹಾಡು ಕೆಡುವುದೆಂದು ನಾವು ಅದನ್ನು ಎತ್ತಿಕೊಳ್ಳಲಿಲ್ಲ.

ಷರೀಫರಿಗೆ ಗಿಟಾರು ಸಲ್ಲುವುದೆ ಎಂಬ ಪ್ರಶ್ನೆಯನ್ನು ಕೆಲವರು ಎತ್ತುವುದುಂಟು. 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ ಗಿಟಾರು ಹಿಡಿದು ಬಂದಾಗಲೂ ಸಭೆಯ ಕೆಲವರು ಕೂಗಾಡಿದರಂತೆ. ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿಗೆ ಮುಸಲ್ಮಾನ ಶಿಷ್ಯನಾಗಿ, ಎರಡೂ ಕಡೆಯ ಮಡಿವಂತರನ್ನು ಕೆಣಕಿದ ಷರೀಫರ ಹೆಸರಿನಲ್ಲಿ ಮಡಿಯ ಮಾತೆತ್ತುವುದು ವಿನೋದವೇ ಸರಿ. ಈ ಪ್ರಶ್ನೆಯನ್ನು ಇಲ್ಲಿಗೆ ಬಿಡೋಣ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಹಾಡು ಕೇಳಿ ಅತ್ತವನಿಗೆ, ಅಳುವಿನ ಆಚೆಗೆ ಏನಾದರೂ ಕರ್ತವ್ಯವುಂಟೆ? ಇಲ್ಲವೆಂದು ಹೇಳುವುದಕ್ಕೆ ನಮ್ಮ ಆಲಂಕಾರಿಕರಲ್ಲಿ ಬಲವಾದ ಆಧಾರವಿದೆ. ರಂಗದ ಶೋಕ ನನ್ನದೂ ಅಲ್ಲ, ಪರರದೂ ಅಲ್ಲ. ಅದು ಸಾಧಾರಣೀಕೃತವಾದುದು, ಆಸ್ವಾದದಲ್ಲಿಯೇ ಅದರ ಸಾರ್ಥಕ್ಯ. ಅಭಿನವಗುಪ್ತನು ದುಷ್ಯಂತನ ಈ ಶ್ಲೋಕವನ್ನೇ ಎತ್ತಿಕೊಂಡು, ಇಲ್ಲಿಯ ನೆನಪು ತಾರ್ಕಿಕರು ಹೇಳುವ ಸ್ಮೃತಿಯಲ್ಲವೆಂದು ವಿವೇಚಿಸಿದ್ದಾನೆ. ಹಾಗಾದರೆ ಕಣ್ಣೊರಸಿಕೊಂಡು ಬಸ್ಸು ಹತ್ತುವ ಸಹೃದಯನನ್ನು ಯಾರೂ ದೂರುವಂತಿಲ್ಲ.

ಈ ವಾದಕ್ಕೆ ಬಹುಕಾಲ ನಾವೂ ಜೋತುಬಿದ್ದಿದ್ದೆವು. ಆದರೆ ಆ ರಾತ್ರಿ ನಮಗಾದುದು ರಸಾನುಭವವೆ? ರಸಿಕನು ತನ್ನನ್ನು ಮರೆಯುತ್ತಾನೆ. ನಾವು ನಮ್ಮನ್ನು ಮರೆತಿರಲಿಲ್ಲ. ನಮ್ಮ ಮನೆ, ನಮ್ಮ ಅಜ್ಜಿ, ನಮ್ಮ ಬಾಲ್ಯವೆಂದು ಎದೆಗೊತ್ತಿಕೊಂಡು ಸವಿಯುತ್ತಿದ್ದೆವು. ದುಃಖವನ್ನು ನನ್ನದೆಂದು ಅನುಭವಿಸಿ, ಲೆಕ್ಕ ಕೇಳುವಾಗ ಮಾತ್ರ ಅದು ಸಾಧಾರಣೀಕೃತವೆನ್ನುವುದು ಪ್ರಾಮಾಣಿಕತೆಯಲ್ಲ.

ಲೆಕ್ಕವನ್ನು ಹೇಳಿಬಿಡುತ್ತೇವೆ. ಓಮಲೂರಿನಿಂದ ಧರ್ಮಪುರಿಗೆ ಹೋಗುವವರಿಗೆ ಬಲಗಡೆ ಸೇರ್ವರಾಯನ ಬೆಟ್ಟಗಳು ಕಾಣುವ ಆ ಸೀಮೆಯಲ್ಲಿ ಕನ್ನಡವು ಹೊಸಿಲಿನೊಳಗಿನ ಭಾಷೆ. ಹೊಸಿಲು ದಾಟಿದರೆ ತಮಿಳು. ಶಾಲೆ, ಸಂತೆ, ಸ್ನೇಹ ಎಲ್ಲವೂ ಅದರಲ್ಲಿಯೇ. ಕನ್ನಡದ ಅಕ್ಷರಗಳನ್ನು ನಾವು ಕಲಿತುದು ಮೂವತ್ತರ ಮೇಲೆ, ಬೆಂಗಳೂರಿನ ಬಸ್ಸುಗಳ ಫಲಕಗಳನ್ನು ನೋಡಿ. ತಮಿಳಿನ ಮೇಲೆ ನಮಗೆ ದೂರಿಲ್ಲ. ಅದು ನಮಗೆ ಅನ್ನವನ್ನೂ ಕುರಳನ್ನೂ ಕೊಟ್ಟಿದೆ. ತಪ್ಪು ನಮ್ಮದು. ಒಂದು ಸಂಜೆ ಶಾಲೆಯ ಗೆಳೆಯರಿಬ್ಬರು ಮನೆಗೆ ಬಂದಿದ್ದರು. ಒಳಗೆ ಅಜ್ಜಿ ಹಾಡುತ್ತಿದ್ದಳು. ಗೆಳೆಯರು ಮುಖ ಮುಖ ನೋಡಿಕೊಂಡರು. ನಾವು ಒಳಗೆ ತಲೆ ಹಾಕಿ, ಸಾಕು ನಿಲ್ಲಿಸೆಂದೆವು. ಅಜ್ಜಿಯೊಡನೆ ಎಂದೂ ಆಡದ ತಮಿಳಿನಲ್ಲಿ, ಗೆಳೆಯರಿಗೆ ಕೇಳಿಸಲೆಂದೇ, ಅಂದೆವು. ಅವಳು ನಿಲ್ಲಿಸಿದಳು. ಆಮೇಲೆ ನಾವು ಮನೆಯಲ್ಲಿದ್ದಾಗ ರಾಟೆಯ ಸದ್ದು ಮಾತ್ರ ಕೇಳುತ್ತಿತ್ತು. ಅಂದು ಬಿಟ್ಟಿಯಾಗಿ ಬಂದುದನ್ನು ನಿಲ್ಲಿಸಿದವರು ಇಂದು ನೂರಾರು ರೂಪಾಯಿ ತೆತ್ತು ಕೇಳುತ್ತಿದ್ದೇವೆ. ಕೇಳಿ, ನಮ್ಮ ಸಂಸ್ಕೃತಿಯೆಂದು ಹೆಮ್ಮೆಪಡುತ್ತಿದ್ದೇವೆ.

ಇಲ್ಲಿ ಪಂಕ್ ಸಂಗೀತದ ಮಾತೊಂದನ್ನು ಹೇಳಬೇಕು. ನಮ್ಮ ಮಗ ಒಮ್ಮೆ ಬೆಂಗಳೂರಿನ ಒಂದು ಇಕ್ಕಟ್ಟಾದ ಕೋಣೆಗೆ ನಮ್ಮನ್ನು ಎಳೆದುಕೊಂಡು ಹೋಗಿದ್ದ. ನಾಲ್ಕು ಜನ ಹುಡುಗರು, ಎರಡು ನಿಮಿಷದ ಹಾಡುಗಳು, ಕಿವಿಗಡಚಿಕ್ಕುವ ಗದ್ದಲ. ಮುಂದೆ ನಿಂತವರು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಒಬ್ಬ ಜಾರಿ ಬಿದ್ದೊಡನೆ ನಾಲ್ಕು ಕೈಗಳು ಅವನನ್ನು ಎತ್ತಿ ನಿಲ್ಲಿಸಿದವು. ನಮಗೆ ಥಟ್ಟನೆ ನೆನಪಾದುದು ನಮ್ಮ ದೇವಾಂಗದವರ ಚೌಡೇಶ್ವರಿ ಹಬ್ಬ. ಉಪವಾಸವಿದ್ದ ತರುಣರು ಕತ್ತಿಯಿಂದ ಎದೆಯನ್ನು ಹೊಡೆದುಕೊಳ್ಳುತ್ತ, ಸ್ವೀಕರಿಸೆಂದು ತಾಯಿಯನ್ನು ಕೂಗುತ್ತ ಬೀದಿಯಲ್ಲಿ ಸಾಗುವ ಅಲಗುಸೇವೆ. ಅಲ್ಲಿ ಪ್ರೇಕ್ಷಕನೆಂಬ ಜಾತಿಯೇ ಇಲ್ಲ. 1976ರ ಸುಮಾರಿಗೆ ನ್ಯೂಯಾರ್ಕ್, ಲಂಡನ್ನುಗಳಲ್ಲಿ ತಲೆಯೆತ್ತಿದ ಪಂಕ್ ಪಂಥವೂ ಹೇಳಿದುದು ಅದನ್ನೇ: ಮೂರು ಸ್ವರಮೇಳ ಬಂದರೆ ಸಾಕು, ನೀನೂ ಬಾರಿಸು. ಆ ವರ್ಷ ಲಂಡನ್ನಿನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕಿನ ಗುಮಾಸ್ತನೊಬ್ಬ ಈ ಸಂಗೀತಕ್ಕಾಗಿ ತಾನೇ ಟೈಪು ಮಾಡಿ, ಪ್ರತಿ ತೆಗೆದು, ಪತ್ರಿಕೆಯೊಂದನ್ನು ಹಂಚುತ್ತಿದ್ದ. ಮಸಿ ಮೆತ್ತಿದ ಬೆರಳಿನ ನಮ್ಮ ಸಂಘದ ಗೆಳೆಯರಿಗೆ ಅವನು ದೂರದವನೆನಿಸಲಾರ.

ಆದುದರಿಂದ ನಮಗೆ ತೋರುವುದು, ಜಾನಪದ ರಾಕ್ ನಮಗೆ ಅಜ್ಜಿಯರ ಮಾತನ್ನು ಮರಳಿ ಕೊಡುತ್ತದೆ. ಆದರೆ ಅಜ್ಜಿ ಹಾಡಿದ ಸ್ಥಿತಿಗೆ ಹತ್ತಿರವಿರುವುದು ಪಂಕಿನ ಆ ಗದ್ದಲ. ಅವಳು ಯಾರ ಮುಂದೆಯೂ ಹಾಡಲಿಲ್ಲ. ನೂಲು ಓಡಬೇಕು, ಕೈ ದಣಿಯಬಾರದು, ಅದಕ್ಕಾಗಿ ಹಾಡಿದಳು. ಶ್ರುತಿ ತಪ್ಪಿದರೆ ಕೇಳುವವರಾರು? ಈ ಮಾತನ್ನು ಮಗನಿಗೆ ಹೇಳಿದಾಗ ಅವನು ನಕ್ಕ.

ಕಚೇರಿಯ ಮರುವಾರ ನಾವು ಕಡಯಂಪಟ್ಟಿಗೆ ಹೋದೆವು. ಅತ್ತೆಗೆ ಎಂಬತ್ತು ದಾಟಿದೆ. ಫೋನು ಮಾಡಿದ್ದೇಕೆಂದು ಕೇಳಿದರೆ, ಸುಮ್ಮನೆ ಮಾಡಿದ್ದೆನೆಂದರು. ಅಜ್ಜಿಯ ಪದವನ್ನು ಹಾಡಿರೆಂದು ಕೇಳಿಕೊಂಡೆವು, ಗಂಟಲು ಹೋಯಿತೆಂದರು. ನಾವೇ ಫೋನಿನಿಂದ ಷರೀಫರ ಪದವನ್ನು ಕೇಳಿಸಿದೆವು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಚೆನ್ನಾಗೈತೆ. ಆದರೆ ಇದು ಅವ್ವ ಹಾಡ್ತಿದ್ದ ಪದ ಅಲ್ಲಪ್ಪ” ಎಂದರು. “ಇದರ ಕ್ಯಾಸೆಟ್ಟು ಬೆಂಗಳೂರಿಂದ ನೀನೇ ತಂದೆ. ಆಗ ಅವ್ವ ಎಲ್ಲಿದ್ಳು?”

ನಿಜ. ಷರೀಫರ ಮೇಲೆ ನಾಗಾಭರಣರ ಚಿತ್ರ ಬಂದುದು 1990ರಲ್ಲಿ. ಕ್ಯಾಸೆಟ್ಟು ಕೊಂಡುದು ಅದಾದ ಮೇಲೆ. ಅಜ್ಜಿ ತೀರಿಕೊಂಡುದು ಅದಕ್ಕೂ ಎಷ್ಟೋ ಮುಂಚೆ. ಸೋರುವ ಮನೆಯೊಂದು, ಸೋರುವ ಮನೆಯ ಹಾಡೊಂದು. ಎರಡನ್ನೂ ನಾವೇ ಹೊಲಿದುಕೊಂಡು ಅತ್ತಿದ್ದೆವು. ಅವಳ ಬಾಯನ್ನು ಮುಚ್ಚಿಸಿದವರು ಆ ಬಾಯಿಗೆ ಬೇರೆಯವರ ಹಾಡನ್ನು ತುರುಕಿದ್ದೆವು.

ಹಾಗಾದರೆ ಅಜ್ಜಿ ಹಾಡುತ್ತಿದ್ದುದು ಯಾವುದೆಂದು ಕೇಳಿದೆವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು ಎರಡು ಸಾಲು ಹೇಳಿದರು. ಬರೆದುಕೊಂಡೆವು. ಮೂರನೆಯದು ಬರಲಿಲ್ಲ. ರಾಟೆ ಸುತ್ತುವಾಗ ತಾನಾಗಿ ಬರುತ್ತಿತ್ತು ಎಂದರು. ರಾಟೆಯನ್ನು ಮಾರಿ ಬಹಳ ವರ್ಷಗಳಾಗಿವೆ. ದೀಪಾವಳಿಗೆ ಮತ್ತೆ ಬರುತ್ತೇವೆಂದು ಹೇಳಿ ಬಂದಿದ್ದೇವೆ.