ಉಗ್ರಾಣದ ಧರ್ಮ



ಬೆಳೆದುದನ್ನು ಕಾಪಿಡುವ ವಿದ್ಯೆ ಬೆಳೆಯುವ ವಿದ್ಯೆಯಷ್ಟೇ ಹಳೆಯದು. ಬಿತ್ತಿ ಬೆಳೆದವನು ಕಣಜವನ್ನು ಕಟ್ಟದಿದ್ದರೆ ಮುಂದಿನ ಮಳೆಗಾಲಕ್ಕೆ ಬೀಜವೂ ಇಲ್ಲ, ಅನ್ನವೂ ಇಲ್ಲ. ಆದುದರಿಂದಲೇ ನಮ್ಮ ಹಿರಿಯರು ಉಗ್ರಾಣವನ್ನು ಪೂಜೆಯ ಕೋಣೆಯಷ್ಟೇ ಎಚ್ಚರದಿಂದ ನೋಡಿಕೊಂಡರು. ಆದರೆ ಉಗ್ರಾಣವೆಂದರೆ ಸರಕು ಮಾತ್ರವೇ? ಅದರೊಳಗೆ ಮೂಟೆ ಹೊತ್ತು ನಡೆಯುವ ಮನುಷ್ಯನಿಗೂ ಆ ಎಚ್ಚರ ಸಲ್ಲಬೇಡವೇ? ಈ ಒಂದು ಪ್ರಶ್ನೆಯನ್ನು ತಮ್ಮೊಡನೆ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕಾಪಿಡುವ ವಿದ್ಯೆ ಎಷ್ಟು ಸೂಕ್ಷ್ಮವಾದುದೆಂಬುದು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಗೆ ಹೋದವರಿಗೆ ಚೆನ್ನಾಗಿ ತಿಳಿಯುತ್ತದೆ. ಅದು ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ನಾಡು. ಗೋಡೆ ಬೆವರುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಅಂತಹ ನಾಡಿನಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಅಳಿಯದೆ ಉಳಿದವು. 20ನೆಯ ಶತಮಾನದಲ್ಲಿ ಅವು ಅಚ್ಚಾಗಿ ವಿದ್ವಾಂಸರ ಕೈಗೆ ಬಂದುದು ತಲೆತಲಾಂತರದ ಆ ಎಚ್ಚರದ ಫಲ.

ಅಡಿಕೆಯ ವಿಷಯದಲ್ಲಿಯೂ ಹಾಗೆಯೇ. ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40-45 ದಿನ ಬಿಸಿಲಿಗೆ ಒಣಗಿಸಿ, ಸುಲಿದು ಚಾಲಿ ಅಡಿಕೆ ಮಾಡುತ್ತಾರೆ. ಆ ವರ್ಷದ್ದು ಹೊಸ ಅಡಿಕೆ. ಒಂದು ಮಳೆಗಾಲ ಕೆಡದಂತೆ ಕಾದಿರಿಸಿದರೆ ಅದೇ ಹಳೆ ಅಡಿಕೆಯೆನಿಸಿ ಸಾಮಾನ್ಯವಾಗಿ ಹೆಚ್ಚಿನ ಬೆಲೆಗೆ ಹೋಗುತ್ತದೆ. ಹೀಗಾಗಿ ಅಲ್ಲಿ ಉಗ್ರಾಣವು ಬರಿಯ ಕೋಣೆಯಲ್ಲ, ಸರಕಿನ ಬೆಲೆಯನ್ನೇ ಹೆಚ್ಚಿಸುವ ಸ್ಥಳ.

ಬಂಟ್ವಾಳದ ಕಡೆಯ ಅಂತಹ ಒಂದು ಉಗ್ರಾಣವನ್ನು ನೋಡುವ ಪ್ರಸಂಗ ನನಗೊಮ್ಮೆ ಒದಗಿತ್ತು. ನೆಲದ ತೇವ ತಾಗದಂತೆ ಮೂಟೆಗಳ ಕೆಳಗೆ ಮರದ ಹಲಗೆಗಳನ್ನು ಹಾಸಿದ್ದರು. ಗೋಡೆಯ ತಂಪು ತಟ್ಟದಂತೆ ಒಂದು ಮೊಳ ಜಾಗ ಬಿಟ್ಟಿದ್ದರು. ಒಡೆಯರು ಪ್ರತಿ ಸಾಲಿನ ಬಳಿಯೂ ನಿಂತು, ಚೀಲದೊಳಗೆ ಕೈಯಿಟ್ಟು, ಒಂದು ಅಡಿಕೆಯನ್ನು ಕತ್ತರಿಸಿ ನೋಡಿ, ಮೂಸಿ ಮುಂದೆ ಹೋಗುತ್ತಿದ್ದರು. ನನಗೆ ಅವರ ಶ್ರದ್ಧೆಯ ಮೇಲೆ ಗೌರವ ಹುಟ್ಟಿತು. ಅದೇ ವೇಳೆಗೆ ಬರಿಗಾಲಿನ ಒಬ್ಬ ಯುವಕ ಬೆನ್ನ ಮೇಲೆ ಮೂಟೆ ಹೊತ್ತು, ಒಂದೇ ಒಂದು ಓರೆ ಹಲಗೆಯ ಮೇಲೆ ಹತ್ತುತ್ತ, ಮಾಡಿಗೆ ತಾಗುವಷ್ಟು ಎತ್ತರಕ್ಕೆ ಪೇರಿಸಿದ್ದ ಅಟ್ಟಿಯ ಮೇಲೇರಿದನು. ಧೂಳಿಗೆಂದು ಮೂಗಿಗೆ ಒಂದು ಬೈರಾಸು ಸುತ್ತಿದ್ದನು. ಹಲಗೆ ಅವನ ಹೆಜ್ಜೆಗೆ ಬಾಗುತ್ತಿತ್ತು. ನಾನು ಬೆಚ್ಚಿದುದನ್ನು ಕಂಡು ಒಡೆಯರು ನಕ್ಕು, "ಹೆದರಬೇಡಿ, ಅವರಿಗೆ ಅಭ್ಯಾಸ" ಎಂದರು.

ಅವರು ಕೆಟ್ಟವರಲ್ಲ. ಆ ಹುಡುಗನ ತಂಗಿಯ ಮದುವೆಗೆ ಹಣ ಕೊಟ್ಟವರೆಂದು ಆಮೇಲೆ ತಿಳಿಯಿತು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ತೇವಕ್ಕೆ ಅಡಿಕೆ ಅಭ್ಯಾಸವಾಗುವುದಿಲ್ಲವೆಂದು ಬಲ್ಲವರು, ಅಪಾಯಕ್ಕೆ ಮನುಷ್ಯನು ಅಭ್ಯಾಸವಾಗುತ್ತಾನೆಂದು ನಂಬುವುದು ಹೇಗೆ?

ಅಪಾಯವು ಎತ್ತರದಿಂದ ಮಾತ್ರ ಬರುವುದಿಲ್ಲ. ದಾಸ್ತಾನಿಗೆ ಹುಳು ಹಿಡಿಯದಂತೆ ಅಲ್ಯೂಮಿನಿಯಂ ಫಾಸ್ಫೈಡ್ ಎಂಬ ಮಾತ್ರೆಗಳನ್ನು ಇಟ್ಟು, ತಾಡಪಾಲಿನಿಂದ ಅಟ್ಟಿಯನ್ನು ಮುಚ್ಚುವುದುಂಟು. ಗಾಳಿಯ ತೇವ ತಾಗಿದೊಡನೆ 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂನಷ್ಟು ಫಾಸ್ಫೀನ್ ಅನಿಲ ಹೊರಡುತ್ತದೆ. ಹುಳುವನ್ನು ಕೊಲ್ಲುವ ಆ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಅದಕ್ಕೆ ಪ್ರತ್ಯೇಕವಾದ ಮದ್ದಿಲ್ಲ. ಬೆಳ್ಳುಳ್ಳಿಯಂತಹ ವಾಸನೆ ಬಂದರೆ ತಿಳಿಯಬಹುದೆಂದು ನಂಬುವಂತೆಯೂ ಇಲ್ಲ, ಏಕೆಂದರೆ ಶುದ್ಧ ಫಾಸ್ಫೀನಿಗೆ ವಾಸನೆಯೇ ಇರುವುದಿಲ್ಲ. ಸರಕನ್ನು ಉಳಿಸುವ ಉಪಾಯವೇ, ಎಚ್ಚರ ತಪ್ಪಿದಲ್ಲಿ, ಒಳಗೆ ಮಲಗಿದ ಕಾವಲುಗಾರನಿಗೆ ಮೃತ್ಯುವಾಗುತ್ತದೆ.

ಇವು ಕೇವಲ ಊಹೆಯ ಭಯಗಳೆಂದು ತಾವು ಹೇಳುವಂತಿಲ್ಲ. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುತ್ತಿದ್ದ ಸ್ಥಳದಲ್ಲಿ ಮದ್ದು ಸಿಡಿದು ಮೂವರು ಸತ್ತರು. ಹೊಟ್ಟೆಪಾಡಿಗಾಗಿ ಕೇರಳದಿಂದಲೂ ಹಾಸನದಿಂದಲೂ ಬಂದಿದ್ದವರು ಅವರು. ಅದಕ್ಕೆ ಎರಡು ತಿಂಗಳೂ ಹಿಂದಲ್ಲ, 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಒಂದು ಉಗ್ರಾಣದಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ 7 ಮಂದಿ ಕಾರ್ಮಿಕರು ಅದರಡಿಯಲ್ಲಿ ಮಡಿದರು. ಅನ್ನವಾಗಬೇಕಾದ ಕಾಳು ಉಸಿರನ್ನು ಕಟ್ಟಿತು. ಈ ಎರಡು ಊರುಗಳ ನಡುವೆ ನೂರಾರು ಮೈಲಿಗಳ ಅಂತರವಿದೆ. ಆದರೆ ಸತ್ತವರೆಲ್ಲರೂ ಮನೆಮಠಗಳನ್ನು ಬಿಟ್ಟು ದೂರದಿಂದ ಬಂದ ಬಡವರೇ ಎಂಬುದನ್ನು ಗಮನಿಸಬೇಕು.

ಇಂತಹ ಸುದ್ದಿಯನ್ನು ಕೇಳಿದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು "ವಿಧಿ" ಎಂಬುದು. ಅವರ ಹಣೆಯಲ್ಲಿ ಬರೆದಿತ್ತು, ಯಾರೇನು ಮಾಡಲು ಸಾಧ್ಯ ಎನ್ನುತ್ತೇವೆ. ದುಃಖದಲ್ಲಿರುವವರಿಗೆ ಈ ಮಾತು ಸಾಂತ್ವನವಾದರೆ ಆಗಲಿ. ಆದರೆ ಹೊಣೆಯಿರುವವನ ಬಾಯಲ್ಲಿ ಅದು ನುಣುಚಿಕೊಳ್ಳುವ ಮಾತಾಗುತ್ತದೆ. ಅಡಿಕೆಗೆ ಬೂಷ್ಟು ಹಿಡಿದರೆ ಯಾವ ವ್ಯಾಪಾರಿಯೂ ವಿಧಿಯೆಂದು ಸುಮ್ಮನಿರುವುದಿಲ್ಲ. ಹೆಂಚು ಎಲ್ಲಿ ಒಡೆದಿದೆ, ನೀರು ಎಲ್ಲಿ ಸೋರುತ್ತಿದೆ ಎಂದು ಅಂದೇ ಏಣಿಯಿಡುತ್ತಾನೆ. ಸರಕು ಕೆಟ್ಟಾಗ ಕಾರಣವನ್ನು ಹುಡುಕಿ, ಮನುಷ್ಯ ಕೆಟ್ಟಾಗ ವಿಧಿಯನ್ನು ಹುಡುಕುವುದು ಯಾವ ನ್ಯಾಯ?

ಎರಡನೆಯ ಮಾತು ಇನ್ನೂ ಬಲವಾದುದು. "ಅವನೇ ಒಪ್ಪಿ ಬಂದಿದ್ದಾನೆ. ಕೊಟ್ಟ ಮುಖವಾಡವನ್ನೂ ಕಿತ್ತೆಸೆಯುತ್ತಾನೆ. ನಾವೇನು ಮಾಡೋಣ?" ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕರಾವಳಿಯ ಸೆಕೆಯಲ್ಲಿ ಮೂಗು ಬಾಯಿ ಮುಚ್ಚಿಕೊಂಡು ಭಾರ ಹೊರುವುದು ಸುಲಭವಲ್ಲ. ತನ್ನ ದೇಹವನ್ನು ಕಾಯ್ದುಕೊಳ್ಳುವ ಕರ್ತವ್ಯ ದುಡಿಯುವವನಿಗೂ ಇದೆ. ಆದರೆ ಕೂಲಿಯನ್ನು ಮೂಟೆಯ ಲೆಕ್ಕದಲ್ಲಿ ಕೊಟ್ಟು, ಬೇಗ ಮುಗಿಸಿದವನನ್ನೇ ಹೊಗಳಿ, ನಿಧಾನಿಸಿದವನನ್ನು ಮರುದಿನ ಕರೆಯದೆ ಬಿಟ್ಟರೆ, ಎಚ್ಚರಿಕೆಗೆ ದಂಡವನ್ನೂ ಅವಸರಕ್ಕೆ ಬಹುಮಾನವನ್ನೂ ನಾವೇ ಗೊತ್ತುಮಾಡಿದಂತಾಯಿತು. ನೂರು ಕಿಲೋ ತೂಗುವ ಚೀಲವನ್ನು ಒಬ್ಬನೇ ಎತ್ತಿದರೆ "ಭಲೇ ಗಂಡು" ಎಂದು ಮೆಚ್ಚಿದ ಕಾಲವನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಪ್ರಾಯದ ಗಂಡಸೊಬ್ಬ ಹೊರಬೇಕಾದ ಭಾರ 55 ಕಿಲೋ ಮೀರಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಸಲಹೆ ಮಾಡಿತ್ತು. ನಾವು ಮೆಚ್ಚಿದ ಗಂಡಸರ ಸೊಂಟ ನಲವತ್ತನೆಯ ವಯಸ್ಸಿಗೆ ಏನಾಯಿತೆಂದು ಯಾರು ಕೇಳಿದೆವು? ಹಸಿವಿನಿಂದ ಹುಟ್ಟಿದ ಒಪ್ಪಿಗೆ ಒಪ್ಪಿಗೆಯೇ ಆದರೂ, ಅದನ್ನು ಪಡೆದವನ ಹೊಣೆ ಅಷ್ಟರಿಂದ ತೀರುವುದಿಲ್ಲ.

ಮೂರನೆಯದು ಪರಿಹಾರದ ಮಾತು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವಿದ್ಯಾರ್ಥಿದೆಸೆಯಲ್ಲಿ ರಜೆಯ ದಿನಗಳಂದು ನಾನು ಒಂದು ಧಾನ್ಯದ ಉಗ್ರಾಣದಲ್ಲಿ ಲೆಕ್ಕ ಬರೆಯುತ್ತಿದ್ದೆನು. ಒಂದು ದಿನ ಅವಸರದಲ್ಲಿ ಅಟ್ಟಿಯ ಕೆಳಸಾಲಿನಿಂದಲೇ ಚೀಲವನ್ನು ಎಳೆದಾಗ ಮೇಲಿನ ಸಾಲುಗಳು ಜಾರಿ ಒಬ್ಬ ಹಮಾಲನ ಕಾಲು ಮುರಿಯಿತು. ನಾವೆಲ್ಲರೂ ಚಂದಾ ಎತ್ತಿದೆವು, ಹಣ್ಣುಹಂಪಲು ಕೊಂಡೊಯ್ದೆವು, ನಮ್ಮ ಔದಾರ್ಯಕ್ಕೆ ನಾವೇ ಸಂತೋಷಪಟ್ಟೆವು. ಮುಂದಿನ ವಾರ ಆ ಅಟ್ಟಿ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಮತ್ತೆ ಎದ್ದಿತು. ಎಷ್ಟು ಚೀಲಗಳೆಂದು ಪುಸ್ತಕದಲ್ಲಿ ಬರೆದವನು ನಾನೇ. ಎತ್ತರವೇಕೆ ಕಡಿಮೆಯಾಗಲಿಲ್ಲವೆಂದು ಕೇಳಬೇಕೆನ್ನುವುದು ನನಗೆ ಹೊಳೆಯಲೇ ಇಲ್ಲ. ಕೊಡುವುದು ಪುಣ್ಯವೇ ಸರಿ. ಆದರೆ ತಡೆಯಬಹುದಾಗಿದ್ದ ಗಾಯಕ್ಕೆ ಆಮೇಲೆ ಕೊಡುವ ಹಣವು ದಾನವಲ್ಲ, ತೀರದ ಸಾಲದ ಬಡ್ಡಿ ಮಾತ್ರ.

ಹಾಗಾದರೆ ಮಾಡಬೇಕಾದುದೇನು? ಬಹಳ ದೊಡ್ಡದೇನೂ ಅಲ್ಲ. ಇಟ್ಟಿಗೆ ಕಟ್ಟುವಂತೆ ಚೀಲಗಳನ್ನು ಒಂದರ ಸಂದಿಯ ಮೇಲೊಂದು ಬರುವ ಹಾಗೆ ಪೇರಿಸುವುದು; ಕೈಗೆಟುಕದ ಎತ್ತರಕ್ಕೆ ಗಟ್ಟಿ ಮೆಟ್ಟಿಲಿಡುವುದು; ಯಾವಾಗಲೂ ಮೇಲಿನಿಂದಲೇ ತೆಗೆಯುವುದು. ಅನಿಲ ಹಾಕುವ ಕೆಲಸವನ್ನು ತಿಳಿದವರಿಗೇ ಬಿಟ್ಟು, ಆ ದಿನಗಳಲ್ಲಿ ಬಾಗಿಲಿಗೆ ಬೀಗವನ್ನೂ ಎಚ್ಚರಿಕೆಯ ಹಲಗೆಯನ್ನೂ ಹಾಕುವುದು. ಹಲಗೆಯ ಬರಹ ದುಡಿಯುವವನಿಗೆ ಬರುವ ಭಾಷೆಯಲ್ಲಿರಬೇಕು. ಹಿಂದಿ, ಬಂಗಾಳಿ ಮಾತ್ರ ಬಲ್ಲವನಿಗೆ ಕನ್ನಡದ ಹಲಗೆ ಬರಿಯ ಗೋಡೆ. ಉಗ್ರಾಣದೊಳಗೆ ಯಾರನ್ನೂ ಮಲಗಿಸಕೂಡದು. ಒಬ್ಬನು ಗಾಳಿಯಿಲ್ಲದ ತೊಟ್ಟಿಯಲ್ಲಿಯೋ ಕೋಣೆಯಲ್ಲಿಯೋ ಬಿದ್ದರೆ ಇನ್ನೊಬ್ಬನು ಹಾಗೆಯೇ ಧುಮುಕಕೂಡದೆಂಬುದನ್ನೂ ಕಲಿಸಬೇಕು. 2022ರ ಏಪ್ರಿಲಿನಲ್ಲಿ ಮಂಗಳೂರಿನ ಬಳಿ ಮೀನು ಸಂಸ್ಕರಣೆಯ ಒಂದು ಘಟಕದ ತೊಟ್ಟಿಗೆ ಬಿದ್ದವನನ್ನು ಉಳಿಸಲು ಇಳಿದವರೂ ಸೇರಿ ಪಶ್ಚಿಮ ಬಂಗಾಳದ 5 ಮಂದಿ ಸತ್ತರು. ಅವರಲ್ಲಿ ಸ್ನೇಹಕ್ಕೆ ಕೊರತೆಯಿರಲಿಲ್ಲ. ತಿಳಿಸಿ ಹೇಳುವವರ ಕೊರತೆಯಿತ್ತು.

ಕಾಯಿದೆಗಳಿಲ್ಲವೆಂದಲ್ಲ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತು. ಕಾರ್ಮಿಕರ ಸುರಕ್ಷತೆ ಮತ್ತು ಆರೋಗ್ಯಗಳಿಗೆ ಸಂಬಂಧಿಸಿದ ಹೊಸ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು. ಆದರೆ ನಾಲ್ಕಾರು ಮಂದಿ ದುಡಿಯುವ ಹಳ್ಳಿಯ ಉಗ್ರಾಣದ ಬಾಗಿಲಿಗೆ ಕಾಯಿದೆ ಬರುವುದು ಅಪರೂಪ. ಅಲ್ಲಿ ಒಡೆಯನ ಅಂತಃಕರಣವೇ ತನಿಖಾಧಿಕಾರಿ.

ವಾಚಕರಲ್ಲಿ ಉಗ್ರಾಣವುಳ್ಳವರಿದ್ದೀರಿ; ಸಹಕಾರ ಸಂಘಗಳನ್ನು ನಡೆಸುವವರಿದ್ದೀರಿ; ಜಾತ್ರೆಯ ದಾಸೋಹಕ್ಕೆ ಅಕ್ಕಿ ಬೇಳೆಗಳ ಮೂಟೆಗಳನ್ನು ಇಳಿಸಿಕೊಳ್ಳುವವರೂ ಇದ್ದೀರಿ. ಕಾಯಕವು ಪವಿತ್ರವೆಂದು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಕಾಯಕವು ಪವಿತ್ರವಾದರೆ ಅದನ್ನು ಮಾಡುವ ಕಾಯವೂ ಪವಿತ್ರವೇ. ಒಬ್ಬರ ಪ್ರಸಾದಕ್ಕಾಗಿ ಇನ್ನೊಬ್ಬರ ಬೆನ್ನು ಮುರಿಯುವಂತಿದ್ದರೆ ಆ ಪ್ರಸಾದದಲ್ಲಿ ಏನೋ ಕೊರತೆಯುಳಿಯುತ್ತದೆ. ಆದುದರಿಂದ ತಾವು ನಾಳೆ ಉಗ್ರಾಣದ ಬಾಗಿಲನ್ನು ತೆರೆದಾಗ ಸರಕಿನ ಮೇಲೆ ಕೈಯಿಡುವ ಮೊದಲು ಆ ಓರೆ ಹಲಗೆಯನ್ನೊಮ್ಮೆ ತುಳಿದು ನೋಡಿರಿ. ತಮ್ಮ ಮಗನನ್ನು ಅದರ ಮೇಲೆ ಹತ್ತಿಸಲು ಮನಸ್ಸು ಬಾರದಿದ್ದರೆ, ಅದನ್ನು ಅಂದೇ ಬದಲಿಸಿರಿ.