ಎರಿಮಣ್ಣಿನೊಳಗಿನ ಟಾಕಿ

ನಮ್ಮ ಕಡೆಯ ಹಿರಿಯರು ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿತೋ, ಇಳಿಯುವ ಮಾತೇ ಇಲ್ಲ. ನೆಲದೊಳಗೆ ಏನಾದರೂ ಇಡಬೇಕೆಂದರೆ ಮೊದಲು ನೆಲದ ಗುಣ ಅರಿಯಬೇಕೆಂದು ಅವರು ಬಲ್ಲರು.

ಈಗ ಮುಧೋಳ ತಾಲ್ಲೂಕಿನ ತಿಮ್ಮಾಪುರದಂಥ ಊರುಗಳ ಅಂಗಳದಲ್ಲಿ ತಗ್ಗು ತೋಡುವುದು ನೀರಿಗಾಗಿ. ಗೌಂಡಿಯನ್ನು ಕಾಯುವ ಬದಲು ಪ್ಲಾಸ್ಟಿಕ್ ಟಾಕಿ ತಂದು ಹೂಳಿದರಾಯಿತು, ಜೆಸಿಬಿ ಬಂದರೆ ಸಂಜೆಯೊಳಗೆ ಮುಗಿಯಿತು. ಆ ಅವಸರವೇ ನನಗೆ ಭಯ ಹುಟ್ಟಿಸುತ್ತದೆ.

ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಕಲ್ಲಿನ ಗೋಡೆಯನ್ನೇ ಸೀಳುವ ಮಣ್ಣು ಟಾಕಿಯನ್ನು ಹಿಂಡದೆ ಬಿಟ್ಟೀತೇ? ಮಾಳಿಗೆಯ ಮೇಲೆ ಇಡುವ ಟಾಕಿಯನ್ನು ಹೂಳಲೇಬಾರದು. ನೆಲದೊಳಗಿಗೆಂದೇ ದಪ್ಪ ಏಣುಗಳಿಟ್ಟು ಮಾಡಿದ್ದು ಬೇರೆ ಸಿಗುತ್ತದೆ. ತಗ್ಗು ಟಾಕಿಗಿಂತ ಸುತ್ತಲೂ ಒಂದೂವರೆ ಅಡಿಯಾದರೂ ಅಗಲವಿರಲಿ, ತಳಕ್ಕೆ ಕಾಂಕ್ರೀಟು ಬೀಳಲಿ. ತೆಗೆದ ಎರಿಮಣ್ಣನ್ನೇ ಮತ್ತೆ ತುಂಬಬೇಡಿ. ಉಸುಕು ಅಥವಾ ಕಲ್ಲಿಲ್ಲದ ಸಣ್ಣ ಗರಸನ್ನು ಪದರು ಪದರಾಗಿ ತುಂಬಬೇಕು. ಹೊರಗೆ ಒಂದು ಅಡಿ ಏರಿದಂತೆ ಒಳಗೆ ನೀರೂ ಅದಕ್ಕಿಂತ ತುಸು ಮೇಲೆ ಏರುತ್ತಿರಬೇಕು. ಖಾಲಿ ಟಾಕಿಯ ಸುತ್ತ ಮಣ್ಣು ನೂಕಿದರೆ ಅದು ಅಲ್ಲೇ ಒಳಬಾಗಬಹುದು.

ಒಳಬಾಗದಿದ್ದರೂ ತೇಲಬಹುದು. ಸುತ್ತ ನೀರು ನಿಂತು ಮುಳುಗಿದರೆ, 5,000 ಲೀಟರಿನ ಖಾಲಿ ಟಾಕಿಯನ್ನು ಆ ನೀರು 5 ಟನ್ ಭಾರದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನದಿ ದೂರವಿದ್ದರೂ ಕಬ್ಬಿನ ಗದ್ದೆಗೆ ಹಾಯಿಸಿದ ನೀರು ಜಿನುಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಟಾಕಿಯನ್ನು ಪೂರ್ತಿ ಬರಿದು ಮಾಡಬೇಡಿ.

ತಿಮ್ಮಾಪುರ ಕಬ್ಬಿನ ಊರು, ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರು. ಟ್ರ್ಯಾಕ್ಟರ್ ತಿರುಗುವುದು ಅಂಗಳದಲ್ಲೇ. ಅದು ಹಾಯುವ ಕಡೆ ಟಾಕಿ ಬೇಡ. ಬೇರೆ ಜಾಗವಿಲ್ಲವೆಂದರೆ, ಭಾರವೆಲ್ಲ ಪಕ್ಕದ ಗೋಡೆಗಳ ಮೇಲೆ ಕೂರುವಂತೆ ಸ್ಲ್ಯಾಬ್ ಹಾಕಿಸಬೇಕು. ಪಾಯಖಾನೆಯ ಗುಂಡಿಯಿಂದಲೂ ದೂರವಿರಲಿ.

ಇಷ್ಟೆಲ್ಲ ಟಾಕಿಯ ಮಾತಾಯಿತು. ನನ್ನ ಚಿಂತೆ ಇರುವುದು ಮನುಷ್ಯನದು. ನೆಟ್ಟಗೆ ತೋಡಿದ ಆಳದ ತಗ್ಗಿನಲ್ಲಿ ಹಸಿ ಎರಿಮಣ್ಣು ಹೇಳದೆ ಕೇಳದೆ ಜರಿಯುತ್ತದೆ. ಕೂಲಿಯವನು ಕೆಳಗೆ ಬಾಗಿರುತ್ತಾನೆ. ದಂಡೆ ಇಳಿಜಾರಾಗಿರಲಿ, ತೆಗೆದ ಮಣ್ಣು ದಂಡೆಯಿಂದ ದೂರ ಬೀಳಲಿ. ಮುಂದೆ ತೊಳೆಯುವ ದಿನ ಬಂದಾಗ ಆದಷ್ಟು ಹೊರಗಿನಿಂದಲೇ ತೊಳೆಯಿರಿ. ಮುಚ್ಚಿದ ಟಾಕಿಯೊಳಗೆ ಉಸಿರಿಗೆ ಸಾಲದ ಗಾಳಿ ಇರಬಹುದು, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಒಬ್ಬ ಕುಸಿದನೆಂದು ಅಣ್ಣನೋ ಅಪ್ಪನೋ ಹಿಂದೆಯೇ ಧುಮುಕಿ, ಒಂದೇ ಮನೆಯ ಇಬ್ಬರು ಹೋಗುವುದು ಹೀಗೆಯೇ.

ಈ ಸಂಜೆ ನಿಮ್ಮ ಅಂಗಳದ ಟಾಕಿಯ ಮುಚ್ಚಳವನ್ನು ಒಮ್ಮೆ ನೋಡಿ ಬನ್ನಿ. ಕೂಸು ಎತ್ತುವಷ್ಟು ಹಗುರವಿದ್ದರೆ ಇವತ್ತೇ ಕೀಲಿ ಹಾಕಿಸಿ.